ಅರವತ್ತೊಂದನೇ ಅಡಿ

ಕುಳ್ಳನಿಗೆ ಕಗ್ಗತ್ತಲಲ್ಲಿ ಅರವತ್ತು ಅಡಿ ದೂರ ಕಾಣುತ್ತದೆ ಎಂಬುದರ ಬಗ್ಗೆ ರಾಜೀವನಿಗೆ ತಕರಾರಿರಲಿಲ್ಲ. ಅರವತ್ತೊಂದನೇ ಅಡಿಯಲ್ಲಿ ಏನಾಗುತ್ತದೆ ಎನ್ನುವುದೇ ಪ್ರಶ್ನೆ. ನೋಟ ಅಲ್ಲಿ ಗೋಡೆಗೆ ಬಡಿದ ಹಾಗೆ ನಿಲ್ಲುತ್ತದೋ, ಸಂಜೆಯ ಹಾಗೆ ಮೆಲ್ಲಗೆ ಕರಗುತ್ತದೋ? ಆಟದ ಪುಸ್ತಕ ಈ ಬಗ್ಗೆ ಒಂದಕ್ಷರ ಹೇಳಿರಲಿಲ್ಲ. ಬರೆದವರ ಬೇಜವಾಬ್ದಾರಿಗೆ ಸ್ಕೂಟರ್ ಓಡಿಸುತ್ತಲೇ ಅವನಿಗೆ ಸಿಟ್ಟು ಬಂತು.

“ಮುಂದೆ ಹೊಂಡ ಇದೆ,” ಎಂದಳು ಹಿಂದೆ ಕೂತಿದ್ದ ಹೆಂಡತಿ ಕವನಾ.

ಅವನು ಹೊಂಡಕ್ಕೆ ಇಳಿಸಿಕೊಂಡೇ ಹೋದ.

“ಹೇಳಿದ್ದು ಕೇಳ್ಲಿಲ್ವಾ?”

“ಯೋಚನೆ ಮಾಡ್ತಿದ್ದೆ.”

“ಎಂತದ್ದು?”

“ಕತ್ತಲೆ ಬಗ್ಗೆ.”



ಭಾನುವಾರ, ಬೆಳಗಿನ ಹತ್ತು ಗಂಟೆ. ನವೆಂಬರ್ ತಿಂಗಳು. ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ರಸ್ತೆಯ ಎರಡೂ ಬದಿ ಕಾಫಿ ಹಣ್ಣು ಕೆಂಪಾಗುತ್ತಿತ್ತು. ರಾಜೀವನಿಗೆ ಅದು ಕಾಣಲಿಲ್ಲ. ಮೂಡಿಗೆರೆಯ ಕಾಲೇಜೊಂದರಲ್ಲಿ ಅವನು ರಾಜ್ಯಶಾಸ್ತ್ರದ ಲೆಕ್ಚರರ್. ಹದಿಮೂರು ವರ್ಷದಿಂದ ಸಂವಿಧಾನ ಪಾಠ ಮಾಡುತ್ತಿದ್ದ. ಹದಿಮೂರು ವರ್ಷದಿಂದ ಹುಡುಗರು ಕಿಟಕಿಯಾಚೆ ನೋಡುತ್ತಿದ್ದರು. ತಾನು ಹೇಳಿದ್ದನ್ನು ಜನ ಕಾಯಿದೆಯೆಂದು ಒಪ್ಪಿಕೊಳ್ಳುವ ಜಾಗ ಈ ಭೂಮಿಯ ಮೇಲೆ ಒಂದೇ ಒಂದಿತ್ತು. ಅದು ಕೊಟ್ಟಿಗೆಹಾರದ ಅಫ್ಜಲನ ಜೀಪ್ ಗ್ಯಾರೇಜಿನ ಪಕ್ಕ, ಅಫ್ಜಲನ ಅಪ್ಪನ ಗೋಡೌನಿನ ಮಹಡಿಯ ಮೇಲಿತ್ತು.

ಐದು ವರ್ಷದ ಹಿಂದೆ, ತೊಂಬತ್ತೆಂಟರಲ್ಲಿ, ಯಾವುದೋ ತರಬೇತಿಗೆಂದು ಬೆಂಗಳೂರಿಗೆ ಹೋದವನಿಗೆ ಫುಟ್‌ಪಾತಿನ ಹಳೇ ಪುಸ್ತಕದ ರಾಶಿಯಲ್ಲಿ ರಟ್ಟು ಹರಿದ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತ್ತು. ಆಟದ ಪುಸ್ತಕ. ವಿಚಿತ್ರ ಆಟ. ಮಣೆ ಇಲ್ಲ, ಇಸ್ಪೀಟ್ ಎಲೆ ಇಲ್ಲ. ಒಬ್ಬ ಕಥೆ ಹೇಳುತ್ತಾನೆ: ಇದು ಗುಹೆ, ಇದು ಪಾಳು ಕೋಟೆ. ಸುತ್ತ ಕೂತವರು ಆ ಕಥೆಯೊಳಗಿನ ಒಬ್ಬೊಬ್ಬ ಪಾತ್ರವಾಗಿ, ನಾನು ಹೀಗೆ ಮಾಡುತ್ತೇನೆ ಎನ್ನುತ್ತಾರೆ. ಆಗುತ್ತದೋ ಇಲ್ಲವೋ ಎಂದು ಅನುಮಾನ ಬಂದಲ್ಲಿ ಇಪ್ಪತ್ತು ಮುಖದ ದಾಳ ಉರುಳಿಸುತ್ತಾರೆ. ಕೊನೆಯ ಮಾತು ಕಥೆ ಹೇಳುವವನದು. ಆ ಸಾಲನ್ನು ಓದಿದ ಮೇಲೆ ರಾಜೀವ ಪುಸ್ತಕವನ್ನು ಕೆಳಗಿಡಲಿಲ್ಲ.

ಪುಸ್ತಕದ ಪ್ರಕಾರ ಕುಳ್ಳರಿಗೂ ಯಕ್ಷರಿಗೂ ಕತ್ತಲೆಯಲ್ಲಿ ಅರವತ್ತು ಅಡಿ ಕಣ್ಣು ಕಾಣುತ್ತದೆ, ಮನುಷ್ಯರಿಗೆ ಕಾಣುವುದಿಲ್ಲ. ಅಷ್ಟೇ. ಎರಡು ಸಾಲು. ಇಷ್ಟು ದೊಡ್ಡ ವಿಷಯಕ್ಕೆ ಎರಡು ಸಾಲು ಸಾಲದೆಂದು ಅವನು ಒಂದು ಉದ್ದನೆಯ ನೋಟ್‌ಬುಕ್ ಕೊಂಡು, ಮೊದಲ ಹಾಳೆಯ ಮೇಲೆ ‘ಕತ್ತಲೆ: ಮನೆಯ ನಿಯಮಗಳು’ ಎಂದು ಬರೆದ. ಕತ್ತಲೆಯನ್ನು ಮಬ್ಬು, ಕತ್ತಲು, ಕಗ್ಗತ್ತಲು ಎಂದು ಮೂರು ಮಾಡಿದ. ಪಂಜಿನ ಬೆಳಕು ಇಪ್ಪತ್ತು ಅಡಿ ನಿಚ್ಚಳ, ಮುಂದಿನ ಇಪ್ಪತ್ತು ಅಡಿ ಮಬ್ಬು. ಮಬ್ಬಿನಲ್ಲಿ ಮನುಷ್ಯನಿಗೆ ಆಕಾರ ಕಾಣುತ್ತದೆ, ಮುಖ ಕಾಣುವುದಿಲ್ಲ. ಪಂಜನ್ನೇ ದಿಟ್ಟಿಸಿದ ಕುಳ್ಳನಿಗೆ ಹತ್ತು ನಿಮಿಷ ಕುರುಡು. ಮಂಜಿನ ದಿನ ಎಲ್ಲವೂ ಅರ್ಧ. ನೋಟ್‌ಬುಕ್ ಎಪ್ಪತ್ತು ಪುಟ ದಾಟಿತ್ತು. ತಿದ್ದುಪಡಿಗಳು ಹದಿಮೂರು ಆಗಿದ್ದವು.

ಕವನಾ ಪ್ರೌಢಶಾಲೆಯಲ್ಲಿ ಗಣಿತದ ಟೀಚರ್. ಜಾವಳಿಯ ಕಡೆಯವಳು. ಕಳೆದ ವರ್ಷದಿಂದ ಸಂಜೆಯ ಟ್ಯೂಷನ್ ಬಿಟ್ಟಿದ್ದಳು, ಸ್ಕೂಟರ್ ಓಡಿಸುವುದನ್ನೂ ಬಿಟ್ಟಿದ್ದಳು. ಮೊದಲನೆಯದನ್ನು ಅವನು ಸೋಮಾರಿತನವೆಂದೂ, ಎರಡನೆಯದನ್ನು ಗಂಡನ ಮೇಲಿನ ಗೌರವವೆಂದೂ ತಿಳಿದಿದ್ದ. ಆಟಕ್ಕೆ ಬರುತ್ತೇನೆಂದು ಅವಳೇ ಕೇಳಿ ಬಂದಾಗ ಮಾತ್ರ ಅವನಿಗೆ ಸ್ವಲ್ಪ ಗಾಬರಿಯಾಗಿತ್ತು.

* * *

ಮಹಡಿಯ ಕೋಣೆಯಲ್ಲಿ ಚನ್ನಕೇಶವ ಆಗಲೇ ಬಂದು ಕೂತಿದ್ದ. ಹತ್ತಿರದ ಎಸ್ಟೇಟೊಂದರಲ್ಲಿ ಅವನು ರೈಟರ್. ಆಳುಗಳ ಹಾಜರಿ ಬರೆಯುವುದು, ಮಾಲೀಕರು ಬಂದಾಗ ಎದ್ದು ನಿಲ್ಲುವುದು ಅವನ ಕೆಲಸ. ಆಟದಲ್ಲಿ ಅವನೊಬ್ಬ ಯಕ್ಷ. ಯಕ್ಷನಿಗೆ ತನ್ನ ಮಾಲೀಕರ ಹೆಸರನ್ನೇ ಇಟ್ಟಿದ್ದ: ಮಲ್ಲಿಕಾರ್ಜುನಪ್ಪ. ವಾರಕ್ಕೊಮ್ಮೆ ಮಲ್ಲಿಕಾರ್ಜುನಪ್ಪನವರನ್ನು ಕೆಸರಿನಲ್ಲಿ ಹೊರಳಾಡಿಸಿ, ಹಾವಿನ ಬಾಯಿಗೆ ಕೈ ಹಾಕಿಸಿ, ಸೋಮವಾರ ಬೆಳಿಗ್ಗೆ ಬಹಳ ವಿನಯದಿಂದ ಕೆಲಸಕ್ಕೆ ಹೋಗುತ್ತಿದ್ದ.

ಅಫ್ಜಲ್ ಗ್ರೀಸಿನ ಕೈ ತೊಳೆದುಕೊಂಡು ಬಂದ. ಅವನ ಪಾತ್ರ ಗುರುವಯ್ಯ ಎಂಬ ಕುಳ್ಳ. ಕವನಾಳದು ಮನುಷ್ಯರ ಹೆಂಗಸು, ಗುಂಪಿಗೆ ದಾರಿ ಹುಡುಕುವವಳು. ಅಜ್ಜಿಯ ಹೆಸರು ಇಟ್ಟುಕೊಂಡಿದ್ದಳು, ತಿಮ್ಮಮ್ಮ.

ರಾಜೀವ ಮೇಜಿನ ಮೇಲೆ ಸುಣ್ಣದ ಕಡ್ಡಿಯಲ್ಲಿ ಸುರಂಗ ಬರೆದ. ಮೂವರ ಬದಲಿಗೆ ಒಳಪೊರೆ ಸಮೇತ ಒಣಗಿಸಿದ ಮೂರು ಪಾರ್ಚ್‌ಮೆಂಟ್ ಕಾಫಿ ಬೀಜ ಇಟ್ಟ. ಶತ್ರುಗಳಿಗೆ ಕರೀ ಮೆಣಸು.

“ಸುರಂಗ. ಕಗ್ಗತ್ತಲು. ತಿಮ್ಮಮ್ಮನ ಕೈಯಲ್ಲಿ ಪಂಜು. ಎಡಗಡೆ ಹದಿನೈದು ಅಡಿ ದೂರದಲ್ಲಿ ಒಂದು ಗುಂಡಿ ಕಾಣ್ತದೆ.”

“ತಿಮ್ಮಮ್ಮನಿಗೆ ಕಾಣಲ್ಲ,” ಎಂದಳು ಕವನಾ.

ರಾಜೀವ ತಲೆಯೆತ್ತಲಿಲ್ಲ. “ನಾಲ್ಕನೇ ನಿಯಮ. ಪಂಜಿದ್ದರೆ ಮನುಷ್ಯರಿಗೆ ಇಪ್ಪತ್ತು ಅಡಿ ನಿಚ್ಚಳ.”

“ಯಾವ ಕಡೆ?”

“ಎಲ್ಲ ಕಡೆ.”

“ಎಲ್ಲ ಕಡೆ ಇಲ್ಲ. ಎದುರಿಗೆ ಒಂದು ರೊಟ್ಟಿ ಅಗಲ ಕಾಣ್ತದೆ. ಪಕ್ಕದಲ್ಲಿ ಎಂತದೂ ಇಲ್ಲ. ಕಪ್ಪು ಅಂತಾನೂ ಇಲ್ಲ. ಇಲ್ಲ, ಅಷ್ಟೆ.”

ಇದು ಮೊದಲ ಸಲವಲ್ಲ. ಜುಲೈಯಲ್ಲಿ, ಮಬ್ಬಿನಲ್ಲಿ ತಿಮ್ಮಮ್ಮ ಮೆಟ್ಟಿಲು ತಪ್ಪಿದಳು ಎಂದಿದ್ದಳು. ಅವನು ಹನ್ನೊಂದನೇ ತಿದ್ದುಪಡಿ ತಂದು, ಮೆಟ್ಟಿಲುಗಳು ಮಬ್ಬಿನಲ್ಲೂ ಕಾಣುತ್ತವೆಂದು ಖಾತ್ರಿಪಡಿಸಿದ. ಸೆಪ್ಟೆಂಬರಿನಲ್ಲಿ, ಬಿಸಿಲಿಂದ ಒಳಗೆ ಬಂದ ತಿಮ್ಮಮ್ಮನಿಗೆ ಅರ್ಧ ಗಂಟೆ ಕಣ್ಣು ಹೊಂದಿಕೊಳ್ಳಲಿಲ್ಲ ಎಂದಳು. ಹನ್ನೆರಡನೇ ತಿದ್ದುಪಡಿ ಅದನ್ನು ಐದು ನಿಮಿಷಕ್ಕೆ ಇಳಿಸಿತು. ಪ್ರತಿ ಸಲವೂ ಅವಳು ಸುಮ್ಮನಾಗುತ್ತಿದ್ದಳು. ಪ್ರತಿ ಸಲವೂ ಅವನಿಗೆ ಒಂದು ದಂಗೆ ಅಡಗಿಸಿದ ಸಮಾಧಾನವಾಗುತ್ತಿತ್ತು.

“ಪುಸ್ತಕದಲ್ಲಿ ಹಾಗಿಲ್ಲ,” ಎಂದ.

“ನಿಮ್ಮ ನೋಟ್‌ಬುಕ್ಕಲ್ಲಿ ಇರೋದ್ರಲ್ಲಿ ಅರ್ಧಕ್ಕಿಂತ ಹೆಚ್ಚು ಪುಸ್ತಕದಲ್ಲಿ ಇಲ್ಲ.”

ಚನ್ನಕೇಶವ ನಕ್ಕ. ರಾಜೀವ ಅವನತ್ತ ನೋಡಿದ. ಚನ್ನಕೇಶವ ನಗುವನ್ನು ಅರ್ಧಕ್ಕೆ ನಿಲ್ಲಿಸಿ, ಎಸ್ಟೇಟಿನ ಅಭ್ಯಾಸದಂತೆ ಸ್ವಲ್ಪ ಎದ್ದು ಕೂತ.

“ಆಧಾರ ಏನು? ಮನುಷ್ಯರಿಗೆ ರೊಟ್ಟಿ ಅಗಲ ಮಾತ್ರ ಕಾಣ್ತದೆ ಅನ್ನೋದಕ್ಕೆ?”

“ನಾನು ಹೇಳ್ತಿದ್ದೀನಲ್ಲ.”

“ಅದು ಆಧಾರ ಅಲ್ಲ, ಅಭಿಪ್ರಾಯ.”

ಕವನಾ ಮೇಜಿನ ಮೇಲಿನ ತನ್ನ ಬೀಜವನ್ನು ನೋಡಿದಳು. ಅಫ್ಜಲ್ ಕೆಮ್ಮಿದ.

“ಬಿಡಿ ಸರ್,” ಎಂದ. “ಗುರುವಯ್ಯ ಮುಂದೆ ಹೋಗ್ತಾನೆ. ಅವನಿಗೆ ಹೇಗೂ ಕಾಣ್ತದೆ. ತಿಮ್ಮಮ್ಮ ಅವನ ಭುಜ ಹಿಡ್ಕೊಂಡು ಬರ್ಲಿ.”

“ಪ್ರಶ್ನೆ ಅದಲ್ಲ ಅಫ್ಜಲ್. ನಿಯಮದ ಪ್ರಶ್ನೆ.” ರಾಜೀವ ನೋಟ್‌ಬುಕ್ ಮುಚ್ಚಿದ. ಅವನ ಕಣ್ಣಲ್ಲಿ ಕಾಲೇಜಿನಲ್ಲಿ ಎಂದೂ ಕಾಣದ ಹೊಳಪಿತ್ತು. “ಕೆಳಗೆ ಗೋಡೌನ್ ಇದೆಯಲ್ಲ, ಬಾಗಿಲು ಹಾಕಿದ್ರೆ ಕತ್ತಲೆ. ಮೇಣದ ಬತ್ತಿ ಹಚ್ಚೋಣ. ಟೇಪಲ್ಲಿ ಅಳೆಯೋಣ. ಎಷ್ಟು ಕಾಣ್ತದೆ ಅಂತ ನೋಡೇ ಬಿಡೋಣ.”

“ಬೇಡ ಸರ್,” ಎಂದ ಅಫ್ಜಲ್ ಬೇಗ. “ಅಲ್ಲಿ ಮೂಟೆ ತುಂಬಿದೆ. ಧೂಳು.”

“ಹತ್ತು ನಿಮಿಷದ ಕೆಲಸ.”

“ಇನ್ನೊಂದಿನ ಮಾಡೋಣ ಸರ್.”

“ಮಾಡೋಣ ಬಿಡಿ ಅಫ್ಜಲ್,” ಎಂದಳು ಕವನಾ, ಎದ್ದು. “ಅವರು ನೋಡ್ಲಿ.”

* * *

ಅಫ್ಜಲನ ತಂದೆ ರಜಬ್ ಅಲಿ ಗೋಡೌನಿನ ಮುಂದೆ ಕುರ್ಚಿ ಹಾಕಿಕೊಂಡು ಬಿಸಿಲು ಕಾಯುತ್ತಿದ್ದರು. ಕರೀ ಮೆಣಸು, ಕಾಫಿಯ ವ್ಯಾಪಾರ. ವಯಸ್ಸು ಎಪ್ಪತ್ತು.

“ಎಂತ ಲೆಕ್ಚರ್ರೇ, ಇಡೀ ಸೈನ್ಯ ಕೆಳಗಿಳೀತು?”

“ಒಂದು ಪ್ರಯೋಗ ಸಾಹೇಬ್ರೆ. ಕತ್ತಲೇಲಿ ಎಷ್ಟು ಕಾಣ್ತದೆ ಅಂತ.”

ಮುದುಕರು ಒಮ್ಮೆ ಕವನಾಳನ್ನು ನೋಡಿದರು, ಒಮ್ಮೆ ಮಗನನ್ನು. ಅಫ್ಜಲ್ ಟೇಪನ್ನು ಕೈಯಲ್ಲಿ ತಿರುಗಿಸುತ್ತ ನೆಲ ನೋಡುತ್ತಿದ್ದ.

ರಾಜೀವ ಖುಷಿಯಾಗಿದ್ದ. ಬಾಗಿಲಿಂದ ಇಪ್ಪತ್ತು ಅಡಿ ಅಳೆಸಿ, ಐದೈದು ಅಡಿಗೆ ಸುಣ್ಣದ ಗೆರೆ ಎಳೆದ. ಕೊನೆಯಲ್ಲಿ ಸ್ಟೂಲಿನ ಮೇಲೆ ಮೇಣದ ಬತ್ತಿ. ಸ್ಟೂಲಿನ ಹಿಂದೆ ಮೂಟೆಯ ಮೇಲೆ ತಾನು, ತೊಡೆಯ ಮೇಲೆ ನೋಟ್‌ಬುಕ್. ದಾರಿಯ ನಡುವೆ, ಎಡಕ್ಕೆ ಮೂರು ಅಡಿ ಸರಿದು ಒಂದು ಹಿತ್ತಾಳೆಯ ಸೇರು ಇಟ್ಟ. ಬಾಗಿಲಿಂದ ಬತ್ತಿಯ ತನಕ ನಡೆಯಬೇಕು, ದಾರಿಯಲ್ಲಿ ಸೇರನ್ನು ಎತ್ತಿಕೊಂಡು ಬರಬೇಕು. ಬಾಗಿಲು ಹಾಕಿದರು. ಕಿಟಕಿಗೆ ಗೋಣಿ ತೂಗುಬಿಟ್ಟರು. ಹನ್ನೆರಡನೇ ತಿದ್ದುಪಡಿಯ ಪ್ರಕಾರ ಐದು ನಿಮಿಷ ಸುಮ್ಮನೆ ನಿಂತರು. ಮೆಣಸಿನ ಘಾಟಿಗೆ ಚನ್ನಕೇಶವ ಮೂರು ಸಲ ಸೀನಿದ.

ಮೊದಲು ಹೋದವನು ಅವನೇ. ಹನ್ನೆರಡು ಹೆಜ್ಜೆಯಲ್ಲಿ ಸೇರು ಎತ್ತಿಕೊಂಡು ಬಂದು, “ಸಲೀಸು ಸಾರ್,” ಎಂದ. ರಾಜೀವ ಬರೆದುಕೊಂಡ. ಅಫ್ಜಲ್ ನಡೆದ, ಸೇರು ತಂದು ಸ್ಟೂಲಿನ ಮೇಲಿಟ್ಟ. ರಾಜೀವ ಸೇರನ್ನು ವಾಪಸು ಅದರ ಜಾಗದಲ್ಲಿಟ್ಟ.

“ಕವನಾ.”

ಅವಳು ಬಾಗಿಲ ಹತ್ತಿರ ನಿಂತಿದ್ದಳು. ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದಳು. ಇನ್ನೊಂದು ಕೈಯನ್ನು ಮುಂದೆ ಚಾಚಿದಳು. ಅದನ್ನು ನೋಡಿ ಅವನಿಗೆ ನಗು ಬಂತು. ಸಿನಿಮಾದ ಕುರುಡಿಯರು ಹಾಗೆ ನಡೆಯುತ್ತಾರೆ.

ಅವಳು ನೇರ ಬತ್ತಿಯ ಕಡೆ ಬಂದಳು. ಮೊದಲ ಗೆರೆ. ಎರಡನೇ ಗೆರೆ. ಸೇರು ಅವಳ ಎಡಗಾಲಿನ ಪಕ್ಕದಲ್ಲೇ ಮಿನುಗುತ್ತಿತ್ತು. ಅವಳು ದಾಟಿ ಬಂದಳು.

“ಬಿಟ್ಟು ಬಂದೆ,” ಎಂದ ರಾಜೀವ.

“ಎಲ್ಲಿ?”

“ನಿನ್ನ ಎಡಕ್ಕೆ. ಹಿಂದೆ.”

ಅವಳು ತಿರುಗಿದಳು, ಅಗತ್ಯಕ್ಕಿಂತ ಹೆಚ್ಚು ತಿರುಗಿದಳು. ಈಗ ಅವಳೆದುರು ಬತ್ತಿಯೂ ಇರಲಿಲ್ಲ. ಕೈ ಗಾಳಿಯಲ್ಲಿ ತಡಕಿತು. ಎರಡು ಹೆಜ್ಜೆ ಇಟ್ಟಳು. ಗೋಡೆಯ ಬದಿಗಿದ್ದ ತೂಕದ ಯಂತ್ರದ ಕಬ್ಬಿಣದ ಅಂಚಿಗೆ ಮೊಣಕಾಲ ಕೆಳಗೆ ಬಡಿಯಿತು. ಅವಳು ಸದ್ದಿಲ್ಲದೆ ಮುಗ್ಗರಿಸಿ, ಎರಡೂ ಕೈ ಊರಿ ಬಿದ್ದಳು.

ಚನ್ನಕೇಶವ ಕಿಸಕ್ಕನೆ ನಕ್ಕ.

“ವಾದ ಗೆಲ್ಲೋದಕ್ಕೆ ಇದು ದಾರಿ ಅಲ್ಲ ಕವನಾ,” ಎಂದ ರಾಜೀವ. ಅವನ ದನಿ ಶಾಂತವಾಗಿತ್ತು. ನೋಟ್‌ಬುಕ್ಕಿನಲ್ಲಿ ಬರೆದ: ‘ಮೂರನೇ ಆಟಗಾರರ ಅಸಹಕಾರ.’

ಅಷ್ಟರಲ್ಲಿ ಅಫ್ಜಲ್ ಬಾಗಿಲಿನ ಚಿಲಕ ಎಳೆದ. ಬಿಸಿಲು ಒಮ್ಮೆಗೇ ಒಳಗೆ ನುಗ್ಗಿತು. ಬೆಳಕಿನಲ್ಲಿ ನೋಡಿದರೆ ಕವನಾ ಚೆಲ್ಲಿದ ಮೆಣಸಿನ ಮೇಲೆ ಮಂಡಿಯೂರಿ ಕೂತಿದ್ದಳು. ಸೀರೆಯ ಅಂಚಿಗೆ ರಕ್ತ ಹತ್ತಿತ್ತು. ಅವಳ ಮುಖದಲ್ಲಿ ನೋವಾಗಲಿ ನಾಟಕವಾಗಲಿ ಇರಲಿಲ್ಲ. ಬೋರ್ಡಿನ ಮೇಲೆ ಲೆಕ್ಕ ಮುಗಿಸಿ ಹುಡುಗರತ್ತ ತಿರುಗಿದ ಟೀಚರಿನ ಹಾಗೆ ಅವನನ್ನು ನೋಡುತ್ತಿದ್ದಳು.

ಅಫ್ಜಲನ ಹೆಂಡತಿ ತಸ್ಲೀಮಾ ಒಳಮನೆಯಿಂದ ಓಡಿ ಬಂದಳು. ಕವನಾಳ ಪಕ್ಕ ಕೂತು, ಗಾಯಕ್ಕೆ ಸೆರಗು ಒತ್ತಿದಳು. ಆಮೇಲೆ ತಲೆಯೆತ್ತಿ ರಾಜೀವನನ್ನು ಕೇಳಿದಳು:

“ಬೆಳಕಿಲ್ಲದ ಕಡೆ ಟೀಚರನ್ನ ಯಾಕೆ ನಡೆಸಿದ್ರಿ ಸರ್? ಕಣ್ಣಿನ ಡಾಕ್ಟ್ರು ಅಷ್ಟು ಹೇಳಿ ಕಳ್ಸಿದ್ದಾರೆ. ನಿಮಗೆ ಗೊತ್ತಿಲ್ವಾ?”

ಎಲ್ಲರೂ ರಾಜೀವನ ಬಾಯಿಯನ್ನೇ ನೋಡುತ್ತಿದ್ದರು. ತರಗತಿಯಲ್ಲಿ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಹುಡುಗನೊಬ್ಬ ಕೇಳಿದಾಗ ಹದಿಮೂರು ವರ್ಷದಿಂದ ಯಾವುದು ಬಾಯಿಗೆ ಬರುತ್ತಿತ್ತೋ ಅದೇ ಈಗಲೂ ಬಂತು.

“ಗೊತ್ತಿದೆ,” ಎಂದ. “ಗೊತ್ತಿದ್ದದ್ದಕ್ಕೇ ನೋಡಿದ್ದು. ಎಷ್ಟರ ಮಟ್ಟಿಗೆ ಆಗಿದೆ ಅಂತ.”

ಕವನಾ ಅವನನ್ನೇ ನೋಡಿದಳು. ಇಲ್ಲ ಎನ್ನುತ್ತಾಳೆಂದು ಅವನು ಕಾದ. ಅವಳು ಎನ್ನಲಿಲ್ಲ.

“ಕ್ಷಮಿಸಿ ಮೇಡಂ,” ಎಂದ ಚನ್ನಕೇಶವ. ಅವನ ಮುಖ ಬಿಳಿಚಿಕೊಂಡಿತ್ತು. “ನಂಗೆ ಗೊತ್ತಿರ್ಲಿಲ್ಲ. ಗೊತ್ತಿದ್ರೆ ನಗ್ತಿರ್ಲಿಲ್ಲ.”

“ಇರ್ಲಿ ಬಿಡಿ,” ಎಂದಳು ಅವಳು, ನಿಜವಾಗಿಯೂ ನಗುತ್ತ.

ಎಷ್ಟು ಸುಲಭದ ಮಾತು, ರಾಜೀವ ಯೋಚಿಸಿದ. ನಂಗೆ ಗೊತ್ತಿರಲಿಲ್ಲ. ಒಬ್ಬ ಎಸ್ಟೇಟ್ ರೈಟರಿಗೆ ಸಾಧ್ಯವಾದದ್ದು. ಅವನಿಗೆ ಚನ್ನಕೇಶವನ ಮೇಲೆ ತೀವ್ರವಾದ ಹೊಟ್ಟೆಕಿಚ್ಚು ಹುಟ್ಟಿತು.

* * *

ತಸ್ಲೀಮಾ ಕವನಾಳನ್ನು ಒಳಗೆ ಕರೆದುಕೊಂಡು ಹೋದಳು. ರಾಜೀವ ಗೋಡೌನಿನ ಮೆಟ್ಟಿಲ ಮೇಲೆ ಕೂತ. ಚಹಾ ಬಂತು. ರಜಬ್ ಅಲಿ ತಮ್ಮ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

“ನಿಮ್ಮ ಧೈರ್ಯ ಮೆಚ್ಚಬೇಕು ಲೆಕ್ಚರ್ರೇ,” ಎಂದರು ತಗ್ಗಿದ ದನಿಯಲ್ಲಿ.

ರಾಜೀವ ಲೋಟ ನೋಡಿದ.

“ಮೇ ತಿಂಗಳಲ್ಲಿ ಮಂಗಳೂರಿಂದ ಬಂದ ದಿವಸ ಟೀಚರ್ ಇಲ್ಲೇ ಕೂತಿದ್ರು, ನೀವು ಕೂತ ಜಾಗದಲ್ಲೇ. ನಮ್ಮ ಸೊಸೇನೇ ಜೊತೆಗೆ ಹೋಗಿದ್ದು. ನಿಮಗೆ ಪರೀಕ್ಷೆ ಪೇಪರ್ ತಿದ್ದೋ ಕೆಲಸ ಇತ್ತಂತೆ.”

ಇತ್ತು. ಕವನಾ ಮಂಗಳೂರಿಗೆ ಹೋಗಿಬರುತ್ತೇನೆ ಎಂದಿದ್ದಳು. ಸೀರೆ ತರಲೆಂದು ಅವನು ಭಾವಿಸಿದ್ದ. ಅಲ್ಲ, ಭಾವಿಸಿಯೂ ಇರಲಿಲ್ಲ. ಆ ದಿನ ಅವನು ಬೆಳದಿಂಗಳ ನಿಯಮ ಬರೆಯುತ್ತಿದ್ದ.

“ಕಣ್ಣೊಳಗಿನ ಪರದೆ ಅಂಚಿಂದ ಸಾಯ್ತಾ ಬರ್ತದಂತೆ,” ಮುದುಕರು ಹೇಳಿದರು. “ಮೊದಲು ಇರುಳುಗುರುಡು. ಆಮೇಲೆ ಹಗಲಿಗೂ. ಮದ್ದಿಲ್ಲ ಅಂದ್ರಂತೆ. ನಿಮಗೆ ಇದೆಲ್ಲ ನಾನೆಂತ ಹೇಳೋದು, ನಿಮಗೆ ಗೊತ್ತಿರೋದೇ.”

“ಹೌದು.”

“ಮನೆಯಲ್ಲಿ ಅತ್ತುಕೊಂಡು ಕೂರೋ ಬದ್ಲು ಆಟ ಆಡಿಸಿ ಮರೆಸ್ತಾ ಇದ್ದೀರಿ. ಕತ್ತಲೇಲಿ ಹೇಗೆ ನಡೀಬೇಕು ಅಂತ ಆಟದಲ್ಲೇ ಕಲಿಸ್ತಾ ಇದ್ದೀರಿ. ಅಫ್ಜಲ್‌ಗೂ ಹೇಳ್ತಿರ್ತೀನಿ, ಗಂಡ ಅಂದ್ರೆ ಹಾಗಿರಬೇಕು ಅಂತ.”

ರಾಜೀವ ಒಂದು ಗುಟುಕು ಚಹಾ ಕುಡಿದ. ಬಿಸಿಯಾಗಿತ್ತು. ಈ ಹೊಗಳಿಕೆಯನ್ನು ತಡೆಯಬೇಕೆಂದು ಅವನಿಗೆ ತೋಚಿತು. ತೋಚಿದ್ದರ ಜೊತೆಗೇ, ಮುದುಕರು ಹೇಳಿದ್ದು ಪೂರ್ತಿ ಸುಳ್ಳೇನಲ್ಲ ಎಂದೂ ಅನಿಸಿತು. ಎಲ್ಲೋ ಒಳಗೆ ತನಗೆ ಗೊತ್ತಿದ್ದಿರಬೇಕು. ಇಲ್ಲದಿದ್ದರೆ ಎಪ್ಪತ್ತು ಪುಟ ಯಾಕೆ ಬರೆಯುತ್ತಿದ್ದೆ? ಚಹಾ ಮುಗಿಯುವುದರೊಳಗೆ ಅವನು ಇದನ್ನು ಅರ್ಧ ನಂಬಿದ್ದ.

“ನಮ್ಮ ಕೈಲಾದದ್ದು ಮಾಡಬೇಕಲ್ಲ ಸಾಹೇಬ್ರೆ,” ಎಂದ.

ಗ್ಯಾರೇಜಿನಲ್ಲಿ ನಿಂತ ಜೀಪೊಂದರ ಬಾನೆಟ್ಟಿಗೆ ಒರಗಿ ಅಫ್ಜಲ್ ಇವರನ್ನೇ ನೋಡುತ್ತಿದ್ದ. ಅವನ ನೋಟದಲ್ಲಿ ಮೆಚ್ಚುಗೆ ಇರಲಿಲ್ಲ. ಎಂಜಿನ್ನಿನ ಸದ್ದು ಕೇಳಿಯೇ ಕಾಯಿಲೆ ಹೇಳುವ ಮನುಷ್ಯ ಅವನು.

ಮತ್ತೆ ಮಹಡಿಗೆ ಹೋದರು. ಹೋಗಲೇಬೇಕೆಂದು ಹಟ ಹಿಡಿದವಳು ಕವನಾ. ಕಾಲಿಗೆ ಬಿಳಿ ಪಟ್ಟಿ ಕಟ್ಟಿಕೊಂಡು ತನ್ನ ಜಾಗದಲ್ಲಿ ಕೂತಳು. ರಾಜೀವ ನೋಟ್‌ಬುಕ್ ಬಿಚ್ಚಿದ. ಗಂಟಲು ಸರಿಮಾಡಿಕೊಂಡ.

“ಹದಿನಾಲ್ಕನೇ ತಿದ್ದುಪಡಿ,” ಎಂದ. “ಕೆಲವು ಮನುಷ್ಯರಿಗೆ, ವಿಶೇಷ ಸಂದರ್ಭದಲ್ಲಿ, ಪಂಜಿನ ಬೆಳಕಲ್ಲೂ ಪಕ್ಕದ ನೋಟ ಇರುವುದಿಲ್ಲ. ಅಂಥವರಿಗೆ ಪರಿಹಾರವಾಗಿ ಕಿವಿ ಚುರುಕು. ದಾಳದಲ್ಲಿ ಎರಡು ಅಂಕ ಹೆಚ್ಚಿಗೆ.”

ಉದಾರವಾದ ತಿದ್ದುಪಡಿ. ಹೇಳುವಾಗ ಅವನ ದನಿ ಸ್ವಲ್ಪ ನಡುಗಿತು ಕೂಡ. ಅವನು ಕವನಾಳತ್ತ ನೋಡಿದ.

“ಬೇಡ,” ಎಂದಳು ಅವಳು.

“ಯಾಕೆ?”

“ನಿಯಮ ನಿಯಮವೇ. ಎಲ್ಲ ಕಡೆ ಇಪ್ಪತ್ತು ಅಡಿ ನಿಚ್ಚಳ. ಹಾಗೇ ಇರ್ಲಿ.” ಅವಳು ತನ್ನ ಪಾರ್ಚ್‌ಮೆಂಟ್ ಬೀಜವನ್ನು ಬೆರಳಲ್ಲಿ ತಳ್ಳಿ ಗುಂಡಿಯ ಗುರುತಿನ ಒಳಗಿಟ್ಟಳು. “ತಿಮ್ಮಮ್ಮನಿಗೆ ಗುಂಡಿ ಕಂಡಿತು. ಕಂಡೂ ಬಿದ್ದಳು ಅಂತ ಬರ್ಕೊಳ್ಳಿ.”

“ದಾಳ ಹಾಕಬೇಕು.”

“ನೀವೇ ಹಾಕಿ.”

ಅವನು ಹಾಕಿದ. ಹದಿನೆಂಟು ಬಿತ್ತು. ತಿಮ್ಮಮ್ಮ ಬದುಕಿದಳು. ಇಪ್ಪತ್ತಕ್ಕೆ ಹದಿನೆಂಟು ಒಳ್ಳೆಯ ಅಂಕ ಎಂದು ಚನ್ನಕೇಶವ ಹೇಳಿ ನೋಡಿದ. ಆಟ ಇನ್ನೂ ಒಂದು ಗಂಟೆ ಹೇಗೋ ನಡೆಯಿತು. ಮಲ್ಲಿಕಾರ್ಜುನಪ್ಪನವರಿಗೆ ಕೂಡ ಆ ದಿನ ಏನೂ ಅವಮಾನ ಆಗಲಿಲ್ಲ.

* * *

“ದೇವರಮನೆ ಗುಡ್ಡಕ್ಕೆ ಹೋಗೋಣ,” ಎಂದಳು ಕವನಾ, ಸ್ಕೂಟರ್ ಹತ್ತುತ್ತ. “ಇನ್ನೂ ಮೂರೂವರೆ. ಬೆಳಕಿದೆ.”

ದಾರಿಯುದ್ದಕ್ಕೂ ರಾಜೀವ ಲೆಕ್ಕ ಹಾಕಿದ. ಕಾಯಿಲೆಯ ಹೆಸರು ಅವನಿಗೆ ಗೊತ್ತಿರಲಿಲ್ಲ. ಯಾವ ಡಾಕ್ಟರು, ಎಷ್ಟು ವರ್ಷ, ಮುಂದಿನ ಪರೀಕ್ಷೆ ಯಾವಾಗ, ಒಂದೂ ಗೊತ್ತಿರಲಿಲ್ಲ. ಆದರೆ ಎಲ್ಲವೂ ಗೊತ್ತಿದೆಯೆಂದು ಐದು ಜನರ ಮುಂದೆ ಹೇಳಿಯಾಗಿತ್ತು. ಕೇಳದೆ ತಿಳಿದುಕೊಳ್ಳುವ ಉಪಾಯ ಬೇಕಿತ್ತು.

ಹುಲ್ಲುಗಾವಲಿನ ಅಂಚಿನಲ್ಲಿ ಸ್ಕೂಟರ್ ನಿಲ್ಲಿಸಿ, ಕೀಯನ್ನು ಅದರಲ್ಲೇ ಬಿಟ್ಟು ಇಬ್ಬರೂ ಸ್ವಲ್ಪ ಮೇಲೆ ಹತ್ತಿದರು. ಬೇರೆ ಜನ ಇರಲಿಲ್ಲ. ಗುಡ್ಡಗಳು ಒಂದರ ಹಿಂದೊಂದು ಬಿಸಿಲಿಗೆ ಬೆನ್ನು ಕೊಟ್ಟು ಮಲಗಿದ್ದವು. ಕವನಾ ಒಂದು ಬಂಡೆಯ ಮೇಲೆ ಕೂತಳು. ತಲೆಯನ್ನು ಎಡದಿಂದ ಬಲಕ್ಕೆ ಬಹಳ ನಿಧಾನವಾಗಿ ತಿರುಗಿಸಿದಳು. ಹೊಲಕ್ಕೆ ನೀರು ಹಾಯಿಸುವವರು ಒಂದೊಂದೇ ಪಾತಿ ನೋಡುವ ಹಾಗೆ.

“ಆ ಮೂರನೇ ಗುಡ್ಡದ ಮೇಲೆ ಒಂಟಿ ಮರ ಇದೆಯಲ್ಲ,” ಎಂದಳು. “ಮೇ ತಿಂಗಳಲ್ಲಿ ತಸ್ಲೀಮಾ ಜೊತೆ ಬಂದಾಗ ಮರ, ಗುಡ್ಡ ಎರಡೂ ಒಟ್ಟಿಗೆ ಕಾಣ್ತಿತ್ತು. ಈಗ ಮರ ನೋಡಿದ್ರೆ ಗುಡ್ಡ ಇಲ್ಲ.”

ಅವನು ಮರವನ್ನೂ ಗುಡ್ಡವನ್ನೂ ಒಟ್ಟಿಗೆ ನೋಡಿದ. ನಾಚಿಕೆಯಾಗುವಷ್ಟು ಸುಲಭವಾಗಿ ಕಾಣುತ್ತಿದ್ದವು.

“ಮತ್ತೆ ಯಾವಾಗ ಬರೋಕೆ ಹೇಳಿದ್ದಾರೆ?” ಎಂದ, ಹುಲ್ಲಿನ ಕಡ್ಡಿ ಮುರಿಯುತ್ತ.

“ಯಾರು?”

“ಡಾಕ್ಟ್ರು.”

“ನಿಮಗೆ ಗೊತ್ತಲ್ಲ.”

ಗಾಳಿ ಬೀಸಿತು. ಅವನು ಇನ್ನೊಂದು ಕಡ್ಡಿ ಮುರಿದ.

“ಎಷ್ಟು ವರ್ಷ ಅಂತ... ಅಂದ್ರೆ, ಖಚಿತವಾಗಿ ಹೇಳಿದ್ರಾ?”

“ಅದೂ ನಿಮಗೆ ಗೊತ್ತಿರ್ಬೇಕು.”

“ಕವನಾ.”

“ಹೂಂ.”

ಅವಳು ಅವನ ಕಡೆ ತಿರುಗಿದಳು. ಮುಖವನ್ನು ಅವನ ಮುಖಕ್ಕೆ ಸರಿಯಾಗಿ ನೇರ ಮಾಡಿಕೊಂಡಳು. ಅವನು ಪೂರ್ತಿ ಕಾಣಬೇಕಾದರೆ ಹಾಗೆ ಮಾಡಬೇಕಿತ್ತು ಎಂಬುದು ಅವನಿಗೆ ಈಗ ಹೊಳೆಯಿತು. ಒಂದು ವರ್ಷದಿಂದ ಅವಳು ಮಾತಾಡುವಾಗಲೆಲ್ಲ ಹೀಗೆ ದಿಟ್ಟಿಸುತ್ತಿದ್ದಳು. ಅವನು ಅದನ್ನು ಜಗಳಗಂಟಿತನವೆಂದು ತಿಳಿದು ಕಣ್ಣು ತಪ್ಪಿಸುತ್ತಿದ್ದ.

“ನಾನು ಎಷ್ಟು ಸಲ ಹೇಳ್ದೆ ಗೊತ್ತಾ ನಿಮಗೆ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ಮನೇಲಿ ಹೇಳಿದ್ರೆ ನೀವು ಕೇಳಲ್ಲ ಅಂತ ಆಟಕ್ಕೆ ಬಂದು ಹೇಳ್ದೆ. ಅಲ್ಲಿ ನೀವು ಪ್ರತಿಯೊಂದು ಮಾತನ್ನೂ ಕೇಳಿಸ್ಕೊಳ್ತೀರಿ. ಕೇಳಿಸ್ಕೊಂಡ್ರಿ ಕೂಡ. ನಂಬರ್ ಹಾಕಿ ಬರೆದಿಟ್ರಿ.”

ಅವನು ಕಡ್ಡಿಯನ್ನು ಬೆರಳಿಗೆ ಸುತ್ತಿದ.

“ಅಲ್ಲಿ ಎಲ್ಲರ ಎದುರು ನಿಮ್ಮ ಮರ್ಯಾದೆ ಉಳಿಸಿದ್ದೀನಿ. ಇಲ್ಲಿ ಯಾರೂ ಇಲ್ಲ. ನಂಗೆ ಗೊತ್ತಿರ್ಲಿಲ್ಲ ಅಂತ ಒಂದ್ಸಲ ಹೇಳಿ. ಆಮೇಲೆ ಎಲ್ಲ ಹೇಳ್ತೀನಿ. ಮೊದಲಿಂದ.”

ಎರಡು ಪದ. ಅವು ಅವನ ನಾಲಿಗೆಯ ಬುಡದ ತನಕ ಬಂದವು. ಅಲ್ಲಿ ಬಂದು, ಮುಂದೆ ದಾರಿ ಕಾಣದ ಹಾಗೆ ನಿಂತವು.

“ಚಳಿ ಆಗ್ತಿದೆ,” ಎಂದ ರಾಜೀವ. “ಸ್ವೆಟರ್ ತಂದಿದ್ದೀಯಾ?”

ಕವನಾ ಎದ್ದಳು. ಸೀರೆಗಂಟಿದ ಹುಲ್ಲು ಕೊಡವಿಕೊಂಡಳು.

“ಸ್ಕೂಟರ್ ಹತ್ರ ಇರ್ತೀನಿ,” ಎಂದಳು. “ನೀವು ಯೋಚನೆ ಮುಗಿಸ್ಕೊಂಡು ಬನ್ನಿ.”

ಅವಳು ಕಾಲುದಾರಿಯಲ್ಲಿ ಇಳಿದು ಹೋದಳು. ಕುಂಟುತ್ತಿದ್ದಳು, ಆದರೆ ತಡವರಿಸಲಿಲ್ಲ. ನ್ಯಾಯವಾಗಿ ಅವನು ಜೊತೆಗೆ ಹೋಗಬೇಕಿತ್ತು. ಹೋದರೆ ಆ ಎರಡು ಪದ ಹೇಳಬೇಕಾಗುತ್ತಿತ್ತು. ಅವನು ಕೂತೇ ಇದ್ದ. ಮಾತನ್ನು ಮನಸ್ಸಿನಲ್ಲಿ ಹಲವು ರೀತಿಯಲ್ಲಿ ಹೊಂದಿಸಿ ನೋಡಿದ. ‘ಪೂರ್ತಿಯಾಗಿ ಗೊತ್ತಿರಲಿಲ್ಲ.’ ಇದು ಪರವಾಗಿಲ್ಲ. ‘ಇಷ್ಟರ ಮಟ್ಟಿಗೆ ಅಂತ ಗೊತ್ತಿರಲಿಲ್ಲ.’ ಇದು ಇನ್ನೂ ವಾಸಿ, ಸ್ವಲ್ಪ ಗೊತ್ತಿತ್ತೆಂಬ ಅರ್ಥವೂ ಬರುತ್ತದೆ.

ತಲೆಯೆತ್ತಿದಾಗ ಮೂರನೇ ಗುಡ್ಡ ಇರಲಿಲ್ಲ. ಎರಡನೆಯದೂ ಇರಲಿಲ್ಲ. ಕಣಿವೆಯಿಂದ ಮಂಜು ಎದ್ದು ಬಂದಿತ್ತು. ಅವನು ಏಳುವಷ್ಟರಲ್ಲಿ ಕಾಲುದಾರಿ ಮುಚ್ಚಿತು, ಬಂಡೆ ಮುಚ್ಚಿತು, ಅವನ ಚಪ್ಪಲಿಯೂ ಅರ್ಧ ಮುಚ್ಚಿತು. ಎಲ್ಲೆಲ್ಲೂ ಹಾಲಿನಂಥ ಬೆಳಕು. ಬೆಳಕು ಬೇಕಾದಷ್ಟಿತ್ತು. ಕಾಣಲು ಮಾತ್ರ ಏನೂ ಇರಲಿಲ್ಲ.

“ಕವನಾ,” ಎಂದು ಕರೆದ.

ಉತ್ತರವಿಲ್ಲ. ನಾಲ್ಕು ಹೆಜ್ಜೆ ಇಳಿದ. ಇಳಿಜಾರೆಂದುಕೊಂಡದ್ದು ಏರಾಗಿತ್ತು. ಬೇರೆ ಕಡೆ ತಿರುಗಿದ. ಸ್ವಲ್ಪ ದೂರದಲ್ಲಿ ಹುಲ್ಲು ಸರಿದ ಸದ್ದಾಯಿತು. ಯಾರೋ ನಿಂತು ಉಸಿರಾಡುತ್ತಿದ್ದರು. ಅವನಿಗೆ ಸಮಾಧಾನವಾಯಿತು. ಮುಖ ಕಾಣದಿರುವುದೇ ಒಳ್ಳೆಯದಾಯಿತು ಎನಿಸಿತು. ಅವನು ಸದ್ದು ಬಂದ ಕಡೆ ಹೋಗಿ ನಿಂತ.

“ನಂಗೆ ಗೊತ್ತಿರ್ಲಿಲ್ಲ,” ಎಂದ. ಯಾವ ಅಲಂಕಾರವೂ ಇಲ್ಲದೆ, ತಿದ್ದುಪಡಿ ಇಲ್ಲದೆ ಬಂತು ಮಾತು. “ಎಂತದೂ ಗೊತ್ತಿರ್ಲಿಲ್ಲ ಕವನಾ. ಒಂದು ವರ್ಷದಿಂದ ನಾನು ನಿನ್ನ ನೋಡಿಯೇ ಇಲ್ಲ.”

ಉಸಿರಾಟ ಹತ್ತಿರ ಬಂತು. ಅವನು ಕೈ ಚಾಚಿದ. ಒದ್ದೆಯಾದ, ಬೆಚ್ಚಗಿನ, ಒರಟಾದದ್ದೇನೋ ಅಂಗೈಗೆ ತಗುಲಿತು. ಮಂಜು ಒಂದು ಗೇಣಿನಷ್ಟು ಸರಿಯಿತು. ಎಮ್ಮೆ. ಮೇಯಲು ಬಿಟ್ಟದ್ದು. ಅದು ಯಾವ ಆಶ್ಚರ್ಯವೂ ಇಲ್ಲದೆ ಅವನನ್ನು ನೋಡಿ, ಅವನ ಅಂಗೈಯ ಬೆವರಿನ ಉಪ್ಪನ್ನು ನೆಕ್ಕತೊಡಗಿತು.

ಕೆಳಗೆಲ್ಲೋ ಸ್ಕೂಟರಿನ ಹಾರ್ನ್ ಕೇಳಿಸಿತು. ಒಂದು ಸಲ. ಬಿಟ್ಟು ಇನ್ನೊಂದು ಸಲ. ತಪ್ಪಿಸಿಕೊಂಡ ದನವನ್ನು ಕರೆಯುವವರಿಗೆ ಇರುವಂಥ ತಾಳ್ಮೆ ಅದರಲ್ಲಿತ್ತು. ಸದ್ದು ಯಾವ ದಿಕ್ಕಿನಿಂದ ಬರುತ್ತಿದೆಯೆಂದು ಅವನಿಗೆ ತಿಳಿಯಲಿಲ್ಲ.

ಎಮ್ಮೆ ನೆಕ್ಕುತ್ತಲೇ ಇತ್ತು. ಅವನು ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.